ಸೂರ್ಯನ ಹಾಜರಿ ಹಾಕಿದ ವರ್ಷ

ನಮ್ಮ ಹೈಸ್ಕೂಲಿನ ಗಂಟೆ ಅಂದ್ರೆ ಬೇವಿನ ಮರಕ್ಕೆ ತೂಗುಹಾಕಿದ್ದ ರೈಲು ಹಳಿಯ ತುಂಡು. ಕೊಪ್ಪಳ ತಾಲೂಕಿನ ಒಂದು ಸಣ್ಣ ಊರು, ಸುತ್ತಲಿನ ಹಳ್ಳಿಗಳಿಗೆಲ್ಲ ಅದೊಂದೇ ಹೈಸ್ಕೂಲು. ಕಬ್ಬಿಣದ ಸರಳಿನಿಂದ ಬಾರಿಸಿದರೆ ಆ ಸದ್ದು ಶೇಂಗಾ ಹೊಲದಲ್ಲಿ ಕಳೆ ತೆಗೆಯುವವರಿಗೂ ಕೇಳುತ್ತಿತ್ತು. ಸಂಜೆ ಐದರ ಗಂಟೆ ಬಡಿದರೆ ಅವರೂ ಕುರ್ಚಿಗಿ ಬಿಟ್ಟು ಎದ್ದು ಮನೆ ಕಡೆ ಹೊರಡುತ್ತಿದ್ದರು. ಹೊಡೆಯುವವನು ಜವಾನ ಕಾಕಾ. ಆದರೆ ಯಾವಾಗ ಹೊಡೀಬೇಕು ಅಂತ ಹೇಳುತ್ತಿದ್ದದ್ದು ಹೆಡ್‌ಮಾಸ್ತರ ಕೋಣೆಯ ಗೋಡೆ ಗಡಿಯಾರ. ಆ ಗಡಿಯಾರ ಯಾರ ಕೈಯಲ್ಲಿದೆಯೋ ಇಡೀ ಊರು ಅವರ ಕೈಯಲ್ಲಿ ಅನ್ನೋದು ಕಡ್ಡಿಗೆ ಹೊಳೆದದ್ದು 1999ರ ಜೂನ್‌ನಲ್ಲಿ, ನಾವು ಒಂಬತ್ತನೇ ಕ್ಲಾಸಿಗೆ ಬಂದ ಹೊಸತರಲ್ಲಿ.

ಕಡ್ಡಿ ಅಂದ್ರೆ ನನ್ನ ಬೆಂಚಿನವನು. ಉದ್ದಕ್ಕೆ, ತೆಳ್ಳಗೆ ಇದ್ದ, ಅದಕ್ಕೇ ಆ ಹೆಸರು. ಇನ್ನೊಬ್ಬ ಗೌಂಡಿ, ಅವನಪ್ಪ ಗೌಂಡಿ ಕೆಲಸ ಮಾಡುತ್ತಿದ್ದರು. ಮೂರನೆಯವನು ನಾನು.

ಆ ಜೂನ್‌ನಲ್ಲಿ ಇಂಗ್ಲೆಂಡಿನಲ್ಲಿ ವಿಶ್ವಕಪ್ ನಡೀತಿತ್ತು. ಜೂನ್ 8ಕ್ಕೆ ಭಾರತ-ಪಾಕಿಸ್ತಾನ ಮ್ಯಾಚು, ಮ್ಯಾಂಚೆಸ್ಟರ್‌ನಲ್ಲಿ. ಅತ್ತ ಕಾರ್ಗಿಲ್‌ನಲ್ಲಿ ಯುದ್ಧ, ಇತ್ತ ಈ ಮ್ಯಾಚು. ನಮ್ಮ ಟೈಮಿಗೆ ಮಧ್ಯಾಹ್ನ ಮೂರು ದಾಟಿದ ಮೇಲೆ ಶುರು. ಶಾಲೆ ಬಿಡೋದು ಐದಕ್ಕೆ. ಹೆಡ್‌ಮಾಸ್ತರ ಕೋಣೆಯ ನೀರಿನ ಗಡಿಗೆ ತುಂಬಿಸುವ ಕೆಲಸ ಕಡ್ಡಿಯದು, ಬೆಳಿಗ್ಗೆ ಒಂದು ಸಲ, ಊಟದ ಬಿಡುವಿನಲ್ಲಿ ಒಂದು ಸಲ. ಅವತ್ತು ಊಟದ ಬಿಡುವಿನಲ್ಲಿ ಒಳಗೆ ಹೋದವನು ಕುರ್ಚಿ ಹತ್ತಿ, ಗಡಿಯಾರ ಇಳಿಸಿ, ಹಿಂದಿನ ಗುಬುಟು ತಿರುವಿ ಇಪ್ಪತ್ತು ನಿಮಿಷ ಮುಂದಿಟ್ಟು ಬಂದ. ಬಾಗಿಲಲ್ಲಿ ಕಾವಲು ನಿಂತವನು ಗೌಂಡಿ. ಜವಾನ ಕಾಕಾನನ್ನು ಮಾತಿಗೆ ಎಳೆದು ನಿಲ್ಲಿಸಿಕೊಂಡವನು ನಾನು. ಮರುದಿನ ಬೆಳಿಗ್ಗೆ ನೀರು ತುಂಬಿಸುವಾಗ ಮತ್ತೆ ಹಿಂದಕ್ಕೆ. ಯಾರಿಗೂ ಗೊತ್ತಾಗಲಿಲ್ಲ. ಭಾರತ 47 ರನ್ನಿಂದ ಗೆದ್ದಿತು, ನಮ್ಮ ವೆಂಕಟೇಶ್ ಪ್ರಸಾದ್ ಐದು ವಿಕೆಟ್ ತೆಗೆದ. ಊರ ಹೋಟೆಲಿನ ಟಿವಿ ಮುಂದೆ ಕಡ್ಡಿಯ ಗತ್ತು ಹೇಳತೀರದು, ಆ ಐದೂ ವಿಕೆಟ್ ತಾನೇ ತೆಗೆದ ಹಾಗೆ ನಿಂತಿದ್ದ.

ಅಲ್ಲಿಗೆ ನಿಲ್ಲಿಸಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ವಿಶ್ವಕಪ್ ಮುಗಿದರೂ ನಮ್ಮ ಚಟ ಮುಗಿಯಲಿಲ್ಲ. ವಾರಕ್ಕೆ ಎರಡು ಮೂರು ದಿನ ಶಾಲೆ ಬೇಗ ಬಿಡತೊಡಗಿತು. ಮಾಸ್ತರುಗಳ ಕೈಯಲ್ಲೂ ವಾಚ್ ಇತ್ತು, ಇರಲಿಲ್ಲ ಅಂತಲ್ಲ. ಬೇಗ ಬಿಟ್ಟಿದ್ದಕ್ಕೆ ತಕರಾರು ತೆಗೆಯುವವರು ಯಾರು ಹೇಳಿ? ತಕರಾರು ಬಂದದ್ದು ಹೊಲದಿಂದ. ಜುಲೈನಲ್ಲಿ ಒಂದು ದಿನ ಊರಿನ ಗೌಡರೊಬ್ಬರು ಪಂಚೆ ಎತ್ತಿ ಕಟ್ಟಿಕೊಂಡು ನೆಟ್ಟಗೆ ಸ್ಟಾಫ್ ರೂಮಿಗೆ ಬಂದರು. "ಏನ್ರೀ ಮಾಸ್ತರ, ನಿಮ್ಮ ಸಾಲಿ ಗಂಟಿ ಜಲ್ದಿ ಹೊಡಿಯಾಕ ಹತ್ತೈತಿ, ನನ್ನ ಆಳುಗಳು ಹೊತ್ತು ಇರೂತ್ಲೆ ಎದ್ದು ಹೊಂಟಾವು, ಕೂಲಿ ನೀವು ಕೊಡ್ತೀರೇನು?" ಅಂತ. ಕಿಟಕಿ ಆಚೆ ನಿಂತಿದ್ದ ನಾವು ಮೂವರೂ ಅಲ್ಲಿಂದ ಸುಮ್ನೆ ಜಾರಿಕೊಂಡೆವು.

ಮರುದಿನ ಗಣಿತದ ಪೀರಿಯಡ್. ನಮ್ಮ ಗಣಿತ ಸರ್ ಬೆತ್ತ ಹಿಡಿಯುತ್ತಿರಲಿಲ್ಲ. ಬೆತ್ತ ಹಿಡಿಯುವವರು ಬೇರೆ ಇದ್ದರು, ಅವರ ಕೈಗೆ ಸಿಕ್ಕಿದ್ದರೆ ನಾನು ಈ ಕಥೆಯನ್ನು ಬೇರೆ ಥರ ಬರೀತಿದ್ದೆ. ಇವರ ಹತ್ತಿರ ಒಂದು ಎಚ್‌ಎಂಟಿ ವಾಚ್ ಇತ್ತು. ದಿನಾ ಬೆಳಿಗ್ಗೆ ರೇಡಿಯೋದಲ್ಲಿ ವಾರ್ತೆಗೆ ಮೊದಲು ಬರುವ ಪೀಂ ಪೀಂ ಸದ್ದಿಗೆ ಅದನ್ನು ಹೊಂದಿಸಿಕೊಂಡೇ ಮನೆ ಬಿಡುತ್ತಿದ್ದರು. ಅವತ್ತು ಒಳಗೆ ಬಂದವರೇ ಹಾಜರಿ ಪುಸ್ತಕ ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಕೇಳಿದರು.

"ಮುಳ್ಳು ತಿರುವಿದಾವ ಯಾವನ್ಲೇ?"

ಯಾರೂ ಉಸಿರೆತ್ತಲಿಲ್ಲ. ಸರ್ ಕಡ್ಡಿಯ ಹತ್ತಿರ ಬಂದು ನಿಂತರು. ಮೊದಲ ದಿನದಿಂದಲೇ ಅವರಿಗೆ ಗೊತ್ತಿತ್ತಂತೆ. ಜೂನ್ 8ರಂದು ಸುಮ್ಮನಿದ್ದದ್ದು ಯಾಕೆ ಅಂದ್ರೆ, ಅವರಿಗೂ ಮ್ಯಾಚ್ ನೋಡಬೇಕಿತ್ತು. ಇದನ್ನು ಅವರೇ ಆಮೇಲೆ ಯಾವಾಗಲೋ ನಗುತ್ತಾ ಹೇಳಿದರು.

ಕಡ್ಡಿ ಎದ್ದು ನಿಂತ. ಅವನ ಸ್ವಭಾವವೇ ಹಾಗೆ, ಸಿಕ್ಕಿಬಿದ್ದ ಮೇಲೆ ಜಾಸ್ತಿ ಧೈರ್ಯ ಬರುತ್ತಿತ್ತು. "ತಿರುವಿಲ್ರೀ ಸರ್, ಸರಿ ಮಾಡೀನ್ರೀ. ಸೂರ್ಯ ನೆತ್ತಿ ಮ್ಯಾಲ ಬಂದಾಗ ಹನ್ನೆರಡು ಆಗಬೇಕಲ್ರೀ? ನಮ್ಮ ಗಡಿಯಾರ ಹಿಂದ ಇತ್ರೀ."

ಕ್ಲಾಸಿಗೆ ಕ್ಲಾಸೇ ನಕ್ಕಿತು. ಸರ್ ನಗಲಿಲ್ಲ. ಅವರು ಆ ಮಾತನ್ನು ನಿಜವಾದ ಮಾತು ಅನ್ನುವಂತೆ ತಗೊಂಡರು, ಅದೇ ನಮಗೆ ಕಷ್ಟಕ್ಕೆ ಬಂತು. "ಹೌದೇನು? ಹಂಗಾದ್ರ ತೋರಿಸು. ಸೂರ್ಯ ನೆತ್ತಿ ಮ್ಯಾಲ ಯಾವಾಗ ಬರ್ತಾನ ಅಂತ ವರ್ಷ ಪೂರ್ತಿ ಬರದು ಇಡ್ರಿ. ಮೂರೂ ಮಂದಿ. ನಿಮ್ಮ ಗಡಿಯಾರ ಖರೆ ಆದ್ರ ನಾನೇ ಹೆಡ್‌ಮಾಸ್ತರಿಗೆ ಹೇಳಿ ಸಾಲಿ ಟೈಮು ಬದಲ ಮಾಡಿಸ್ತೀನಿ."

ಮೂವರ ಹೆಸರು ಅವರಿಗೆ ಹೇಗೆ ಗೊತ್ತಾಯಿತು ಅಂತ ಕೇಳುವ ಧೈರ್ಯ ನಮಗೆ ಇರಲಿಲ್ಲ.

ಮೊದಲು ನಾವು ಮಾಡಿದ್ದು ಸುಲಭದ ಕೆಲಸ. ಧ್ವಜದ ಕಂಬ ಇತ್ತಲ್ಲ, ಅದರ ನೆರಳನ್ನೇ ಅಳೆದುಬಿಡೋಣ ಅಂದುಕೊಂಡೆವು. ಸುಣ್ಣದ ಪುಡಿ ಹಿಡಿದು ನೆರಳಿನ ತುದಿಗೆ ಗೆರೆ ಎಳೆಯಲು ಹೋದರೆ ತುದಿ ಎಲ್ಲಿದೆ ಅಂತಲೇ ಗೊತ್ತಾಗುತ್ತಿಲ್ಲ. ಕಂಬದ ಬುಡದಲ್ಲಿ ನೆರಳು ಕಡುಗಪ್ಪು, ತುದಿಗೆ ಹೋದಂತೆ ಮಸುಕು. ನಾನು ಇಲ್ಲಿ ಅಂತೀನಿ, ಕಡ್ಡಿ ಅಲ್ಲಿ ಅಂತಾನೆ. ಕಾರಣ ಸರ್ ಹೇಳಿದರು. ಸೂರ್ಯ ಒಂದು ಚುಕ್ಕಿಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ. ಬಿಲ್ಲೆಯ ಈ ಅಂಚಿನ ಬೆಳಕು ಒಂದು ಕಡೆ, ಆ ಅಂಚಿನದು ಇನ್ನೊಂದು ಕಡೆ ನೆರಳು ಹಾಕುತ್ತದೆ. ಕಂಬ ಎತ್ತರ ಆದಷ್ಟೂ ಮಸುಕು ಜಾಸ್ತಿ. ಪರಿಹಾರವನ್ನೂ ಹೇಳಿದರು. ನೆರಳು ಬಿಡ್ರಿ, ಬೆಳಕು ಹಿಡೀರಿ ಅಂದರು.

ಆಗ ಕೆಲಸ ಗೌಂಡಿಯ ಕೈಗೆ ಹೋಯಿತು. ಅವನ ಅಪ್ಪ ಒಂದು ಭಾನುವಾರ ಬಂದು ಶಾಲೆಯ ಹಿಂದಿನ ಬಯಲಿನಲ್ಲಿ ಎರಡು ಪರಸಿ ಕಲ್ಲು ಹಾಕಿಕೊಟ್ಟರು. ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ನಾಲ್ಕೂ ಮೂಲೆ ಲೆವೆಲ್ ನೋಡಿದರು. ಅರ್ಧ ಬೆರಳು ಅಂತರ ಇದ್ದದ್ದಕ್ಕೆ ಮತ್ತೆ ಕಿತ್ತು ಮಣ್ಣು ತುಂಬಿ ಕೂರಿಸಿದರು. ಸೆಂಟ್ರಿಂಗ್ ಸರಳು ಒಂದನ್ನು ನೆಟ್ಟು, ತುದಿಗೆ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಅಡ್ಡಡ್ಡ ಬಿಗಿದು, ಆ ತಗಡಿಗೆ ಮೊಳೆಯಿಂದ ಒಂದು ತೂತು. ತೂತು ಕಲ್ಲಿನಿಂದ ಸರಿಯಾಗಿ ಒಂದು ಮೀಟರ್ ಎತ್ತರ. ಆ ತೂತಿನಿಂದ ಓಳಂಬ ಇಳಿಬಿಟ್ಟು, ಗುಂಡಿನ ತುದಿ ಕಲ್ಲಿಗೆ ಮುಟ್ಟುವ ಜಾಗಕ್ಕೆ ಚಾಣದಿಂದ ಒಂದು ಗುಳಿ ಹೊಡೆದರು. ಅದೇ ನಮ್ಮ ಸೊನ್ನೆ. ಎಲ್ಲಾ ಅಳತೆ ಅಲ್ಲಿಂದಲೇ.

ತಗಡಿನ ನೆರಳಿನ ನಡುವೆ ಒಂದು ಬೆಳಕಿನ ಬಿಲ್ಲೆ ಬಿತ್ತು. ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಅಗಲ, ಚೆನ್ನಾಗಿ ದುಂಡಗೆ. ಮೊಳೆ ಹೊಡೆದ ತೂತು ಅಂಕುಡೊಂಕಾಗಿತ್ತು, ಬಿಲ್ಲೆ ಮಾತ್ರ ದುಂಡಗಿತ್ತು, ಯಾಕಂದ್ರೆ ಅದು ತೂತಿನ ಆಕಾರ ಅಲ್ಲ, ಸೂರ್ಯನ ಬಿಂಬ. ಕಣ್ಣು ನೆಟ್ಟು ನೋಡಿದರೆ ಅದು ಕಲ್ಲಿನ ಮೇಲೆ ತೆವಳುವುದು ಕಾಣುತ್ತಿತ್ತು. ನಾವು ಮೂವರೂ ಅಂಗಾಲಲ್ಲಿ ಕೂತು ಎಷ್ಟೋ ಹೊತ್ತು ಅದನ್ನೇ ನೋಡಿದೆವು. ಭೂಮಿ ತಿರುಗುತ್ತದೆ ಅಂತ ಐದನೇ ಕ್ಲಾಸಿನಿಂದ ಬಾಯಿಪಾಠ ಮಾಡಿದ್ದೆವು, ತಿರುಗುವುದನ್ನು ನೋಡಿದ್ದು ಅವತ್ತೇ.

ಇನ್ನು ದಿಕ್ಕು. ಸೂರ್ಯ ನೆತ್ತಿಗೆ ಬರೋದು ಅಂದ್ರೆ ಅವನು ನಿಮ್ಮ ಊರಿನ ಉತ್ತರ-ದಕ್ಷಿಣ ಗೆರೆಯನ್ನು ದಾಟೋದು. ಆ ಗೆರೆ ಮೊದಲು ಕಲ್ಲಿನ ಮೇಲೆ ಬೇಕು. ಇದಕ್ಕೆ ಶುಲ್ಬಸೂತ್ರಗಳ ಕಾಲದಿಂದ ನಡೆದುಬಂದ ವಿಧಾನ ಒಂದಿದೆ, ಸೂರ್ಯಸಿದ್ಧಾಂತದಲ್ಲೂ ಇದೆ ಅಂತ ಸರ್ ಹೇಳಿಕೊಟ್ಟರು. ಗುಳಿಯಲ್ಲಿ ಮೊಳೆ ಇಟ್ಟು ದಾರ ಕಟ್ಟಿ ಅರ್ಧ ಮೀಟರಿನ ಒಂದು ವೃತ್ತ ಎಳೀರಿ. ಬೆಳಿಗ್ಗೆ ಬೆಳಕಿನ ಬಿಲ್ಲೆ ಪಶ್ಚಿಮ ಕಡೆಯಿಂದ ವೃತ್ತದ ಒಳಗೆ ಬರುವಾಗ ಒಂದು ಗುರುತು. ಮಧ್ಯಾಹ್ನ ಪೂರ್ವದ ಕಡೆ ಹೊರಗೆ ಹೋಗುವಾಗ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ-ಪಶ್ಚಿಮ. ಅದಕ್ಕೆ ಲಂಬಾರ್ಧಕ ಎಳೆದರೆ ಉತ್ತರ-ದಕ್ಷಿಣ. ರೇಖಾಗಣಿತದಲ್ಲಿ ಲಂಬಾರ್ಧಕ ಯಾಕೆ ಕಲೀಬೇಕು ಅಂತ ಕೇಳಿ ಬೈಸಿಕೊಂಡವರು ನಾವೇ. ಗೌಂಡಿಯ ಅಪ್ಪ ಇದನ್ನು ನೋಡಿ ನಕ್ಕರು. "ಗುಡಿ ಪಾಯಾ ಹಾಕೂಮುಂದ ದಿಕ್ಕು ಹಿಡಿಯೂದು ಹಿಂಗ. ಇದನ್ನ ಕಲಿಯಾಕ ಸಾಲಿಗೆ ಬರಬೇಕೇನ್ರೀ ಮಾಸ್ತರ?" ಅಂದರು. ಸರ್, "ನಿಮ್ಮ ಮಗ ಮನ್ಯಾಗ ಕಲೀಲಿಲ್ಲಲ್ರೀ, ಅದಕ್ಕ" ಅಂದರು.

ಕಿನ್ನಾಳದಿಂದ ಬರುತ್ತಿದ್ದ ಒಬ್ಬ ಹುಡುಗ ಗೊಂಬೆಗೆ ಹಚ್ಚುವ ಕೆಂಪು ಬಣ್ಣ ಒಂದು ಸಣ್ಣ ಬಾಟಲಿಯಲ್ಲಿ ತಂದುಕೊಟ್ಟ. ಗೆರೆ ಎಳೆದೆವು. ಇಷ್ಟಾದ ಮೇಲೆ ಸರ್ ತಮ್ಮ ಎಚ್‌ಎಂಟಿ ಬಿಚ್ಚಿ ಕಡ್ಡಿಯ ಕೈಗೆ ಕಟ್ಟಿದರು. ಅವನ ಕೈ ಎಷ್ಟು ಸಣಕಲು ಅಂದ್ರೆ ಬೆಲ್ಟಿನ ಕೊನೆ ತೂತಿಗೂ ಸಡಿಲ. "ಸೂರ್ಯ ಗೆರಿ ದಾಟಿದಾಗ ಟೈಮ್ ನೋಡು. ಇದರ ಗುಬುಟು ಮುಟ್ಟಬ್ಯಾಡ."

ಮೊದಲ ಸಲ ಬಿಲ್ಲೆ ಕೆಂಪು ಗೆರೆ ದಾಟಿದಾಗ ಹನ್ನೆರಡು ಗಂಟೆ ಮೂವತ್ತೊಂದು ನಿಮಿಷ.

ಕಡ್ಡಿ ವಾಚ್ ಅಲ್ಲಾಡಿಸಿ ಕಿವಿಗೆ ಹಿಡಿದು ನೋಡಿದ. ಮರುದಿನವೂ ಅಷ್ಟೇ. ಅಂದ್ರೆ ಸೂರ್ಯನ ಪ್ರಕಾರ ಶಾಲೆಯ ಗಡಿಯಾರ ಹಿಂದಿರಲಿಲ್ಲ, ಮೊದಲೇ ಅರ್ಧ ಗಂಟೆ ಮುಂದಿತ್ತು! ನಾವು ಅದನ್ನು ಇನ್ನೂ ಇಪ್ಪತ್ತು ನಿಮಿಷ ಮುಂದೆ ತಳ್ಳಿದ್ದೆವು. ಸರ್ ಕ್ಲಾಸಿಗೆ ಅಟ್ಲಾಸ್ ತಂದರು. ದೇಶಕ್ಕೆಲ್ಲ ಒಂದೇ ಗಡಿಯಾರ, ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖಾಂಶದ್ದು. ಕೊಪ್ಪಳ ಇರೋದು 76 ಡಿಗ್ರಿ ದಾಟಿ ಸ್ವಲ್ಪ ಮುಂದೆ. ನಡುವೆ ಆರು ಡಿಗ್ರಿ ಚಿಲ್ಲರೆ. ಒಂದು ಡಿಗ್ರಿ ತಿರುಗಲು ಭೂಮಿಗೆ 4 ನಿಮಿಷ. ಗುಣಿಸಿದರೆ 25 ನಿಮಿಷ. ಮಿರ್ಜಾಪುರದ ನೆತ್ತಿ ದಾಟಿದ ಸೂರ್ಯ ನಮ್ಮ ನೆತ್ತಿಗೆ ಬರಲು ಅಷ್ಟು ಹೊತ್ತು ಬೇಕು.

"ಹಂಗಾದ್ರ ಸರ್, ನಾವು ಖರೇ ಹೊತ್ತಿನಕಿಂತ 25 ನಿಮಿಷ ಮೊದ್ಲ ಮನಿಗೆ ಹೊಂಟೀವಂದಂಗಾತಲ್ರೀ?" ಅಂತ ಕಡ್ಡಿ ಕೇಳಿದ, ಏನೋ ಲಾಭ ಆದವನಂತೆ.

"ಮುಂಜಾನೆ 25 ನಿಮಿಷ ಮೊದ್ಲ ಬಂದೀರಿ. ಕೂಡು" ಅಂದರು.

ಆದರೆ 25 ಅಂತ ಲೆಕ್ಕ ಬಂತು, ಕಲ್ಲು 31 ಅನ್ನುತ್ತಿದೆ. ಉಳಿದ ಐದಾರು ನಿಮಿಷ ಎಲ್ಲಿಂದ? ಸರ್ ಅದನ್ನು ಹೇಳಲಿಲ್ಲ. "ಬರೀತಾ ಹೋಗ್ರಿ" ಅಂದರು ಅಷ್ಟೇ.

ಈ ಶಿಕ್ಷೆಯಲ್ಲಿ ಒಂದು ಸುಖ ಇತ್ತು ಅನ್ನೋದನ್ನು ಮುಚ್ಚಿಡಬಾರದು. ಹನ್ನೆರಡೂವರೆ ಅಂದ್ರೆ ಹಿಂದಿ ಪೀರಿಯಡ್ ನಡುಮಧ್ಯ. ನಾವು ಮೂವರು ಎದ್ದು ನಿಂತು, "ಟೀಚರ್, ಸೂರ್ಯ" ಅಂದರೆ ಸಾಕು, ಹೊರಗೆ ಹೋಗಲು ಪರವಾನಗಿ. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ತಗೊಳ್ಳುತ್ತಿದ್ದೆವು. ಬೇಲಿಯಾಚೆ ಹುಣಸೆ ಮರ ಇತ್ತು, ಚಳಿಗಾಲಕ್ಕೆ ಬಾರಿಹಣ್ಣು. ಹಿಂದಿ ಟೀಚರ್ ಒಂದು ದಿನ ತಡೆಯಲಾರದೆ, "ಸೂರಜ್ ಹೋಗಿ ಬಂದ್ನಾ? ಬಾಯೆಲ್ಲ ಯಾಕೆ ಹುಳಿ ವಾಸನೆ?" ಅಂತ ಇಡೀ ಕ್ಲಾಸಿನ ಮುಂದೆ ಕೇಳಿದರು. ನನ್ನ ಹಿಂದಿ ಇವತ್ತಿಗೂ ಕಚ್ಚಾ ಇರುವುದಕ್ಕೆ ಸೂರ್ಯನದೂ ಒಂದು ಪಾಲಿದೆ.

ಆಗಸ್ಟ್ ಬಂತು. ಇಲ್ಲೊಂದು ವಿಷಯ ಹೇಳಬೇಕು. ಜುಲೈ ಪೂರ್ತಿ ಮಧ್ಯಾಹ್ನದ ಬಿಲ್ಲೆ ಗುಳಿಯ ದಕ್ಷಿಣಕ್ಕೆ ಬೀಳುತ್ತಿತ್ತು. ಅಂದ್ರೆ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇದ್ದ. ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೇ ವಾಲಿರುತ್ತಾನೆ ಅಂತ ಅಂದುಕೊಂಡಿದ್ದವರಿಗೆ ಇದು ವಿಚಿತ್ರ. ದಿನದಿಂದ ದಿನಕ್ಕೆ ಬಿಲ್ಲೆ ಗುಳಿಯ ಹತ್ತಿರ ಸರಿಯುತ್ತಾ ಬಂತು. ಕೊಪ್ಪಳದ ಅಕ್ಷಾಂಶಕ್ಕೆ ಸೂರ್ಯ ನಿಜವಾಗಿ ನೆತ್ತಿ ಮೇಲೆ ಬರುವುದು ವರ್ಷಕ್ಕೆ ಎರಡೇ ದಿನ. ಮೇ 2ರ ಸುಮಾರು ಒಂದು, ಆಗಸ್ಟ್ 11ರ ಸುಮಾರು ಇನ್ನೊಂದು. ಬಳ್ಳಾರಿಗೂ ಹೆಚ್ಚುಕಡಿಮೆ ಅದೇ, ರಾಯಚೂರು ಸ್ವಲ್ಪ ಉತ್ತರಕ್ಕಿರುವುದರಿಂದ ಅಲ್ಲಿ ಮೇ 5 ಮತ್ತು ಆಗಸ್ಟ್ 8ರ ಆಸುಪಾಸು. ಮೇ ತಿಂಗಳು ರಜೆ, ಆಗಸ್ಟ್‌ನಲ್ಲಿ ಮೋಡ. ಹಾಗಾಗಿ ಸರಿಯಾಗಿ ನೋಡಿದವರು ಕಮ್ಮಿ.

ಆ ವರ್ಷ ಆಗಸ್ಟ್ 11, ಬುಧವಾರ. ಅದೇ ದಿನ ಸಂಜೆ ಸೂರ್ಯಗ್ರಹಣ ಬೇರೆ. ಗುಜರಾತ್ ಕಡೆಯಿಂದ ಹೊಕ್ಕು ಶ್ರೀಕಾಕುಳಂ ಕಡೆ ಹೊರಗೆ ಹೋದ ಪೂರ್ಣಗ್ರಹಣ ಅದು, ನಮಗೆ ಖಂಡಗ್ರಹಣ. ಊರಲ್ಲಿ ಬೆಳಿಗ್ಗೆಯಿಂದಲೇ ಗುಸುಗುಸು. ಕೆಲವರು ಮಕ್ಕಳನ್ನು ಶಾಲೆಗೇ ಕಳಿಸಿರಲಿಲ್ಲ. ಮೋಡ ಬರ್ತಿತ್ತು, ಹೋಗ್ತಿತ್ತು. ಹನ್ನೆರಡೂವರೆಗೆ ನಾವಷ್ಟೇ ಅಲ್ಲ, ಇಡೀ ಕ್ಲಾಸೇ ಕಲ್ಲಿನ ಸುತ್ತ. ಹಿಂದಿ ಟೀಚರ್ ಕೂಡ ಬಂದು ನಿಂತಿದ್ದರು, ಸೆರಗು ತಲೆ ಮೇಲೆ ಹೊದ್ದುಕೊಂಡು. ಮೋಡ ಸರಿದದ್ದು ಸ್ವಲ್ಪ ಹೊತ್ತು ಮಾತ್ರ. ಬೆಳಕಿನ ಬಿಲ್ಲೆ ತೆವಳುತ್ತಾ ಬಂದು ಗೌಂಡಿಯ ಅಪ್ಪ ಹೊಡೆದ ಗುಳಿಯೊಳಗೆ ಇಳಿಯಿತು. ಪಕ್ಕದಲ್ಲಿ ಇಟ್ಟಿದ್ದ ಚೊಂಬಿಗೆ ನೆರಳೇ ಇಲ್ಲ, ಅದರ ಬುಡದಲ್ಲೇ ಅಡಗಿತ್ತು. ನಮ್ಮ ನೆರಳು ನಮ್ಮ ಕಾಲ ಕೆಳಗೆ. ಸಣ್ಣ ಹುಡುಗರು ಕಾಲೆತ್ತಿ ಕಾಲೆತ್ತಿ ನೋಡಿಕೊಂಡರು.

ಸಂಜೆ ಐದು ದಾಟಿದ ಮೇಲೆ ಮಜಾ ಇದ್ದದ್ದು. ಸರ್ ಗ್ರಹಣ ಬರಿಗಣ್ಣಲ್ಲಿ ನೋಡಬೇಡಿ ಅಂತ ಸಾವಿರ ಸಲ ಹೇಳಿದ್ದರು. ತಗಡು ಬಿಚ್ಚಿಕೊಂಡು ಬಂದು ಶಾಲೆಯ ಬಿಳಿ ಗೋಡೆ ಮುಂದೆ ಹಿಡಿದೆವು. ಗೋಡೆ ಮೇಲೆ ಬಿದ್ದ ಬಿಂಬ ದುಂಡಗಿರಲಿಲ್ಲ, ಒಂದು ಮಗ್ಗುಲು ಕಚ್ಚಿಹೋಗಿತ್ತು. ಮೋಡ ಬಿಟ್ಟಾಗ ಒಂದೊಂದು ಸಲ ನೋಡಿದೆವು, ಪ್ರತಿಸಲ ಇನ್ನಷ್ಟು ತೆಳ್ಳಗೆ. ನಾನು ಮನೆಗೆ ಬಂದಾಗ ಅಜ್ಜಿ ಬಾಗಿಲು ತೆಗೆಯಲಿಲ್ಲ, ಗ್ರಹಣ ಬಿಡುವ ತನಕ ಹೊರಗೇ ನಿಲ್ಲು ಅಂದಳು. ಒಳಗೆ ಪರಾತದಲ್ಲಿ ನೀರು ಹಾಕಿ ಒನಕೆ ನಿಲ್ಲಿಸಿದ್ದಳು. ಗ್ರಹಣ ಹಿಡಿದಾಗ ಮಾತ್ರ ಒನಕೆ ತಾನೇ ನಿಲ್ಲುತ್ತದೆ ಅನ್ನೋದು ಅವಳ ನಂಬಿಕೆ. ಇದನ್ನು ನಾನು ಮರುದಿನ ಕ್ಲಾಸಲ್ಲಿ ಹೇಳಿದೆ. ಸರ್ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಕಡ್ಡಿ ಮಾತ್ರ ಅವತ್ತೇ ಸಂಜೆ ನಮ್ಮ ಮನೆಗೆ ಬಂದು, ಅಜ್ಜಿಯ ಕಣ್ಣೆದುರೇ ಅದೇ ಪರಾತದಲ್ಲಿ ಅದೇ ಒನಕೆ ನಿಲ್ಲಿಸಿದ. ನಿಂತಿತು. ಅಜ್ಜಿ ಸ್ವಲ್ಪ ಹೊತ್ತು ನೋಡಿ, "ನಿನ್ನಿ ಗ್ರಹಣದ್ದು ಇನ್ನೂ ಪೂರಾ ಬಿಟ್ಟಿಲ್ಲೋ ಏನೋ" ಅಂದಳು. ಅವಳನ್ನು ಸೋಲಿಸೋದು ಸರ್ ಕೈಯಲ್ಲೂ ಆಗುತ್ತಿರಲಿಲ್ಲ ಬಿಡಿ.

ಆಮೇಲಿನ ದಿನಗಳಲ್ಲಿ ಬಿಲ್ಲೆ ಗುಳಿ ದಾಟಿ ಉತ್ತರಕ್ಕೆ ಹೊರಟಿತು. ಸಮಯವೂ ಅಲ್ಲಾಡತೊಡಗಿತು. ಸೆಪ್ಟೆಂಬರ್ ಶುರುವಿಗೆ 12:25, ಅಟ್ಲಾಸ್ ಲೆಕ್ಕಕ್ಕೆ ಸರಿಯಾಗಿ. ಅಲ್ಲಿಗೆ ನಿಲ್ಲುತ್ತದೆ ಅಂದುಕೊಂಡರೆ ನಿಲ್ಲಲಿಲ್ಲ. ಸೆಪ್ಟೆಂಬರ್ 23ಕ್ಕೆ 12:18. ಅವತ್ತು ಹಗಲು ರಾತ್ರಿ ಸಮ. ಬಿಲ್ಲೆ ಗುಳಿಯಿಂದ ಇಪ್ಪತ್ತೇಳೂವರೆ ಸೆಂಟಿಮೀಟರ್ ದೂರ ಬಿತ್ತು. ಸರ್ ನಮಗೆ ಹಾಳೆ ಮೇಲೆ ಲಂಬಕೋನ ತ್ರಿಭುಜ ಬರೆಸಿದರು. ಎತ್ತರ 100 ಆದರೆ ಬುಡ 27.5. ಮೇಲಿನ ಕೋನವನ್ನು ಕೋನಮಾಪಕದಿಂದ ಅಳೆದರೆ 15 ಡಿಗ್ರಿ ಮತ್ತು ಒಂಚೂರು. ಅಟ್ಲಾಸ್ ತೆಗೆದು ಕೊಪ್ಪಳದ ಅಕ್ಷಾಂಶ ನೋಡಿದರೆ ಅದೇ. ಕಲ್ಲು, ತಗಡು, ಮೊಳೆ ಹಿಡಿದುಕೊಂಡು ನಮ್ಮ ಊರು ಭೂಗೋಲದ ಮೇಲೆ ಎಲ್ಲಿದೆ ಅಂತ ನಾವೇ ಕಂಡುಹಿಡಿದಿದ್ದೆವು. ಗೌಂಡಿ ಆ ಹಾಳೆಯನ್ನು ಮನೆಗೆ ಒಯ್ದ, ಅವನಪ್ಪನಿಗೆ ತೋರಿಸಲು.

ಅಕ್ಟೋಬರಿಗೆ ದಸರಾ ರಜೆ. ರಜೆಯಲ್ಲೂ ಬಂದು ಬರೀಬೇಕು ಅಂತ ಕಟ್ಟಪ್ಪಣೆ. ಯಾರು ಬರ್ತಾರೆ? ನಾನು ಅಜ್ಜಿ ಜೊತೆ ಹುಲಿಗಿಗೆ ಹೋದೆ, ಕಡ್ಡಿ ಗಂಗಾವತಿಯ ಮಾವನ ಮನೆಗೆ, ಗೌಂಡಿ ಅಪ್ಪನ ಜೊತೆ ಕೆಲಸಕ್ಕೆ. ರಜೆ ಮುಗಿಯುವ ಹಿಂದಿನ ದಿನ ಹುಣಸೆ ಮರದ ಕೆಳಗೆ ಕೂತು ನೋಟ್‌ಬುಕ್ ತುಂಬಿಸಿದೆವು. ಸುಮ್ನೆ ಬಾಯಿಗೆ ಬಂದದ್ದು ಬರೆಯುವಷ್ಟು ದಡ್ಡರಲ್ಲ ನಾವು. ರಜೆಗೆ ಮೊದಲು ಮೂರು ದಿನಕ್ಕೆ ಒಂದು ನಿಮಿಷದಂತೆ ಕಮ್ಮಿಯಾಗುತ್ತಿತ್ತು, ಅದೇ ಲೆಕ್ಕ ಮುಂದುವರಿಸಿದೆವು. 12:13, 12:12, 12:11, ಹೀಗೆ ಇಳಿದು ಇಳಿದು ತಿಂಗಳ ಕೊನೆಗೆ 12:05. ಬೇರೆ ಬೇರೆ ದಿನ ಬರೆದದ್ದು ಅನ್ನಿಸಲಿ ಅಂತ ಮೂರು ಬಣ್ಣದ ಪೆನ್ನು ಬಳಸಿದ್ದು ನನ್ನ ತಲೆ. ಒಂದೆರಡು ಕಡೆ "ಮೋಡ" ಅಂತಲೂ ಬರೆದೆವು.

ರಜೆ ಮುಗಿದ ಮೇಲೆ ಸರ್ ನಮ್ಮ ಜೊತೆ ತಾವೇ ಕಲ್ಲಿನ ಹತ್ತಿರ ಬಂದರು. ಬಿಲ್ಲೆ ಗೆರೆ ದಾಟಿದ್ದು 12:09ಕ್ಕೆ. ನೋಟ್‌ಬುಕ್ ಇಸಿದುಕೊಂಡು ಗ್ರಾಫ್ ಹಾಳೆ ಮೇಲೆ ಅವರೇ ಚುಕ್ಕಿ ಇಟ್ಟರು. ಸೆಪ್ಟೆಂಬರಿನ ಚುಕ್ಕಿಗಳು ಇಳೀತಾ ಬಂದವು, ರಜೆಯ ಚುಕ್ಕಿಗಳು ಸ್ಕೇಲ್ ಇಟ್ಟು ಎಳೆದಂತೆ ನೆಟ್ಟಗೆ ಇಳಿದವು, ಇವತ್ತಿನ ಚುಕ್ಕಿ ನಾಲ್ಕು ಮನೆ ಮೇಲಕ್ಕೆ ಹಾರಿ ಕೂತಿತು.

"ಏನ್ಲೇ, ಸೂರ್ಯ ನಾಕು ನಿಮಿಷ ಹಿಂದಕ್ಕ ಜಿಗದಾನೇನು? ಇಲ್ಲಾ ಅವನೂ ದಸರಾ ರಜಾ ತಗೊಂಡಿದ್ನೋ?"

ನಿಜದಲ್ಲಿ ಏನಾಗಿತ್ತು ಅಂದ್ರೆ, ಇಳಿಯುವ ವೇಗ ಅಕ್ಟೋಬರಿನಲ್ಲಿ ತಗ್ಗುತ್ತದೆ. ನವೆಂಬರ್ 3ರ ಸುಮಾರಿಗೆ 12:09ಕ್ಕೆ ಬಂದು ನಿಂತು, ಅಲ್ಲಿಂದ ವಾಪಸ್ ಹೊರಡುತ್ತದೆ. ನೆಟ್ಟಗೆ ಇಳಿಯುವ ಗೆರೆ ನಮ್ಮ ತಲೆಯಲ್ಲಿತ್ತು, ಆಕಾಶದಲ್ಲಿ ಇರಲಿಲ್ಲ. ಸರ್ ಆ ಸುಳ್ಳು ಚುಕ್ಕಿಗಳನ್ನು ಅಳಿಸಲು ಬಿಡಲಿಲ್ಲ. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ "ರಜೆ" ಅಂತ ಬರೆದು, ಹಾಗೇ ಬಿಟ್ಟರು. ಹಾಳೆ ನೋಡಿದವರೆಲ್ಲ ಇದೇನು ಅಂತ ಕೇಳೋರು, ನಾವು ಪ್ರತಿಸಲ ವಿವರಿಸಬೇಕು. ಬೆತ್ತದ ಏಟೇ ವಾಸಿ ಇತ್ತು.

ಅಲ್ಲಿಂದ ಮುಂದೆ ತಪ್ಪಿಸಲಿಲ್ಲ. ಹೆದರಿಕೆಯಿಂದ ಅಲ್ಲ, ಮುಂದೇನಾಗುತ್ತೆ ಅನ್ನುವ ಕುತೂಹಲಕ್ಕೆ. ಡಿಸೆಂಬರ್ 22ಕ್ಕೆ ಬಿಲ್ಲೆ ಉತ್ತರಕ್ಕೆ 80 ಸೆಂಟಿಮೀಟರ್ ಹೋಗಿ ನಿಂತಿತು, ಪರಸಿಯ ಅಂಚಿಗೆ ಬಂದುಬಿಟ್ಟಿತ್ತು. ತ್ರಿಭುಜ ಬರೆದು ಅಳೆದರೆ ಸುಮಾರು 39 ಡಿಗ್ರಿ. ಅದರಲ್ಲಿ ನಮ್ಮ ಅಕ್ಷಾಂಶದ ಹದಿನೈದೂವರೆ ಕಳೀರಿ ಅಂದರು ಸರ್. ಇಪ್ಪತ್ಮೂರೂವರೆ. ಆಗ ಗೌಂಡಿ ಎದ್ದು ಕಪಾಟಿನ ಮೇಲಿನ ಧೂಳು ಹಿಡಿದ ಗ್ಲೋಬ್ ತಂದು ಮೇಜಿನ ಮೇಲಿಟ್ಟ. ಅದು ವಾಲಿಕೊಂಡಿರುವುದೂ ಅಷ್ಟೇ ಡಿಗ್ರಿ. ಅಷ್ಟು ದಿನ ನಾವು ಅದನ್ನು ಯಾರೋ ಬೀಳಿಸಿ ಸೊಟ್ಟ ಮಾಡಿದ್ದಾರೆ ಅಂತಲೇ ತಿಳಿದಿದ್ದೆವು.

ಜನವರಿಯಲ್ಲಿ ಗವಿಮಠದ ಜಾತ್ರೆ ಹೊತ್ತಿಗೆ ಸಮಯ ಹನ್ನೆರಡೂವರೆ ದಾಟಿತ್ತು. ಫೆಬ್ರವರಿ ಎರಡನೇ ವಾರದಲ್ಲಿ 12:39, ಅದೇ ಅತಿ ತಡ. ಅಂದ್ರೆ ನವೆಂಬರಿನಿಂದ ಫೆಬ್ರವರಿಗೆ ಅರ್ಧ ಗಂಟೆ ವ್ಯತ್ಯಾಸ. ಜುಲೈನಿಂದ ತಲೆ ತಿನ್ನುತ್ತಿದ್ದ ಆ ಐದಾರು ನಿಮಿಷದ ಉತ್ತರವನ್ನು ಸರ್ ಆಗ ಹೇಳಿದರು. ಭೂಮಿ ಸೂರ್ಯನ ಸುತ್ತ ಹೋಗುವ ದಾರಿ ಪೂರ್ತಿ ದುಂಡಗಿಲ್ಲ. ಜನವರಿ ಮೊದಲ ವಾರದಲ್ಲಿ ಸೂರ್ಯನಿಗೆ ಹತ್ತಿರ ಇರುವಾಗ ಜೋರಾಗಿ ಓಡುತ್ತದೆ, ಜುಲೈನಲ್ಲಿ ದೂರ ಇರುವಾಗ ನಿಧಾನ. ಅದರ ಮೇಲೆ ಈ ವಾಲಿರುವುದು ಬೇರೆ. ಎರಡೂ ಸೇರಿ ಸೂರ್ಯ ಕೆಲವು ತಿಂಗಳು ಗಡಿಯಾರಕ್ಕಿಂತ ಮುಂದೆ, ಕೆಲವು ತಿಂಗಳು ಹಿಂದೆ. ಇದನ್ನು ತೋರಿಸಲು ಸರ್ ಕಡ್ಡಿಯನ್ನು ನಡುವೆ ಸೂರ್ಯನಾಗಿ ನಿಲ್ಲಿಸಿ, ತಾವು ಗಿರಗಿರ ತಿರುಗುತ್ತಾ ಅವನ ಸುತ್ತ ಮೊಟ್ಟೆಯಾಕಾರದಲ್ಲಿ ಓಡಿದರು. ಹೆಡ್‌ಮಾಸ್ತರು ಕಿಟಕಿಯಿಂದ ನೋಡಿ ಏನೂ ಕೇಳದೆ ಹೋದರು.

ಹತ್ತನೇ ಕ್ಲಾಸಿಗೆ ನಮ್ಮನ್ನು ಈ ಕೆಲಸದಿಂದ ಬಿಟ್ಟರು, ಪರೀಕ್ಷೆ ಇದೆಯಲ್ಲ. ಜುಲೈನಲ್ಲಿ ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗರು ಹಾಜರಿ ಪುಸ್ತಕದಲ್ಲಿ ತಮ್ಮ ಗೈರುಹಾಜರಿಯನ್ನು ಹಾಜರಿ ಮಾಡಿಕೊಂಡು ಸಿಕ್ಕಿಬಿದ್ದರು. ಸರ್ ಅವರನ್ನು ಕಲ್ಲಿನ ಹತ್ತಿರ ಕಳಿಸಿದರು, ಮೇಲ್ವಿಚಾರಣೆಗೆ ಕಡ್ಡಿ. ವಾರದ ಮೇಲೆ ಅವರು ನೋಟ್‌ಬುಕ್ ತಂದು ತೋರಿಸಿದರು. ದಿನಾ 12:31, ಒಂದು ನಿಮಿಷ ಅತ್ತಿತ್ತ ಇಲ್ಲ, ಭಾನುವಾರ ಕೂಡ. ಕಡ್ಡಿ ಪುಟ ತಿರುವಿ ನೋಡಿ ಕೇಳಿದ. "ಸೋಮವಾರ ಇಡೀ ದಿನ ಮಳಿ ಹೊಡೀತಲ್ಲೋ. ಆ ಮಳ್ಯಾಗ ನಿಮಗ ಸೂರ್ಯ ಎಲ್ಲಿ ಸಿಕ್ಕಾ?"

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಮಧ್ಯಾಹ್ನ ಬಂದು ಒಂದು ಪೊಟ್ಟಣ ಹುರಿದ ಶೇಂಗಾ ಕೊಟ್ಟರು. ಕಡ್ಡಿ ಶೇಂಗಾ ತಗೊಂಡ, ನನಗೂ ಗೌಂಡಿಗೂ ಒಂದೊಂದು ಹಿಡಿ ಕೊಟ್ಟ. ಆಮೇಲೆ ಪೆನ್ನು ತೆಗೆದು ಆ ವಾರದ ಪುಟದ ಮೇಲೆ ಅಡ್ಡ ಗೆರೆ ಎಳೆದು, ನಾಳೆಯಿಂದ ಮತ್ತೆ ಬರೀರಿ ಅಂದ.